ರುಚಿಯ ರಸಾಯನ: ಮೂಗು ಬಲ್ಲುದು, ಮೂಗು ಅರಿಯದುದು

ಶ್ರೀರಾಮನವಮಿಯ ದಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಬೀದಿಗಳಲ್ಲಿ ನಡೆದು ಹೋಗುವವನಿಗೆ ಬಾಯಾರಿಕೆಯ ಭಯವಿಲ್ಲ. ದೇವಸ್ಥಾನಗಳ ಮುಂದೆಯೂ ಚಪ್ಪರಗಳ ಕೆಳಗೂ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳ ವಿನಿಯೋಗ ನಡೆಯುತ್ತಿರುತ್ತದೆ. ಪಾನಕದ ಸಾಮಗ್ರಿಗಳು ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ: ಬೆಲ್ಲ, ನೀರು, ನಿಂಬೆಯ ರಸ, ಏಲಕ್ಕಿ, ಶುಂಠಿ, ಕೆಲವು ಮನೆಗಳಲ್ಲಿ ಮೆಣಸು. ಆದರೂ ಒಂದು ಚಪ್ಪರದ ಪಾನಕದಂತೆ ಮತ್ತೊಂದರದು ಇರುವುದಿಲ್ಲ. ಒಂದು ಬರಿಯ ಸಿಹಿನೀರಾಗಿ ತೋರುತ್ತದೆ. ಮತ್ತೊಂದನ್ನು ಕುಡಿದವನು ಲೋಟವನ್ನು ಮರಳಿ ಚಾಚುತ್ತಾನೆ. ಸಾಮಗ್ರಿಗಳು ಒಂದೇ ಆಗಿರುವಲ್ಲಿ ಈ ಭೇದ ಎಲ್ಲಿಂದ ಬಂತು?

ಈ ಪ್ರಶ್ನೆ ಪಾನಕಕ್ಕೆ ಮಾತ್ರ ಸೇರಿದುದಲ್ಲ. ಮದ್ಯಗಳನ್ನು ತಯಾರಿಸುವವರೂ ಅವುಗಳ ಗುಣವನ್ನು ಪರೀಕ್ಷಿಸುವವರೂ ಇದನ್ನೇ ಕೇಳುತ್ತಾರೆ. ಈಚಿನ ವರ್ಷಗಳಲ್ಲಿ, ಸಣ್ಣ ಪ್ರಮಾಣದಲ್ಲಿ ವಿಶೇಷ ಶ್ರದ್ಧೆಯಿಂದ ಬಟ್ಟಿ ಇಳಿಸಿದ ಜಿನ್, ರಮ್, ವಿಸ್ಕಿಗಳಿಗೆ ಕ್ರಾಫ್ಟ್ ಮದ್ಯಗಳೆಂಬ ಹೆಸರು ಬಂದಿದೆ. ಅವುಗಳ ರುಚಿಯನ್ನು ವಿಮರ್ಶಿಸುವ, ಹಣ್ಣಿನ ರಸ ಮತ್ತು ಸಾಂಬಾರ ಪದಾರ್ಥಗಳೊಡನೆ ಬೆರೆಸಿ ಕಾಕ್‌ಟೇಲ್ ಎಂಬ ಮಿಶ್ರಪಾನೀಯವನ್ನು ಮನೆಯಲ್ಲಿಯೇ ಮಾಡುವ ಹವ್ಯಾಸ ನಮ್ಮ ನಗರದ ಕೆಲವು ವಯಸ್ಕರಲ್ಲಿ ಹಬ್ಬಿದೆ. ಅದರ ಹಿಂದಿರುವ ವಿಜ್ಞಾನವನ್ನು ಇಲ್ಲಿ ವಿಚಾರ ಮಾಡೋಣ. ಕುಡಿಯಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ವಯಸ್ಸು ತುಂಬದವರಿಗೆ ಮದ್ಯವನ್ನು ಮಾರುವುದು ಕಾನೂನಿಗೆ ವಿರುದ್ಧ. ಅದರ ಅಗತ್ಯವೂ ನಮಗಿಲ್ಲ. ರುಚಿ ನೋಡುವ ಮತ್ತು ಬೆರೆಸುವ ಪ್ರಯೋಗಗಳನ್ನೆಲ್ಲ ಪಾನಕದಿಂದಲೇ ಮಾಡಬಹುದು. ಆದರೆ ಈ ವಿಚಾರದ ಕೊನೆಯಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ಸಂಗತಿ ಇದೆ. ಅಲ್ಲಿಗೆ ಕ್ರಮವಾಗಿ ಹೋಗೋಣ.

ನಾಲಗೆಯ ಪಾಲು, ಮೂಗಿನ ಪಾಲು

ಒಂದು ಏಲಕ್ಕಿಯನ್ನು ಸುಲಿದು ಕಾಳುಗಳನ್ನು ಕೈಯಲ್ಲಿಟ್ಟುಕೊಳ್ಳಿ. ಮೂಗನ್ನು ಬೆರಳುಗಳಿಂದ ಭದ್ರವಾಗಿ ಹಿಡಿದು, ಕಾಳುಗಳನ್ನು ಬಾಯಿಗೆ ಹಾಕಿ ಜಗಿಯಿರಿ. ತುಸು ಕಹಿ, ತುಸು ತಂಪು ತೋರುವುದಲ್ಲದೆ ಏಲಕ್ಕಿಯ ಸುಳಿವೇ ಸಿಕ್ಕದು. ಈಗ ಮೂಗನ್ನು ಬಿಟ್ಟುಬಿಡಿ. ಒಡನೆಯೇ ಏಲಕ್ಕಿ ಬಾಯಿತುಂಬ ಹರಡಿದಂತಾಗುತ್ತದೆ. ನಿಜವಾಗಿ ಅದು ಬಾಯಲ್ಲಿ ಹರಡಿದುದಲ್ಲ. ಬಾಯಿಯ ಹಿಂಭಾಗದಿಂದ ಮೂಗಿನ ಒಳಗೂಡಿಗೆ ಏರಿದ ಆವಿಯನ್ನು ಮೂಗು ಗ್ರಹಿಸಿತು. ಆ ಕೀರ್ತಿಯನ್ನು ನಾವು ನಾಲಗೆಗೆ ಕೊಟ್ಟೆವು.

ನಾಲಗೆಗೆ ಸ್ವತಃ ತಿಳಿಯುವ ಮೂಲರುಚಿಗಳು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ. ಈ ಐದನೆಯದನ್ನು ಜಪಾನಿನ ಕಿಕುನೆ ಇಕೆಡ 1908ರಲ್ಲಿ ಗುರುತಿಸಿದನು. ನಾಲಗೆಯ ತುದಿಯಲ್ಲಿ ಸಿಹಿ, ಹಿಂದೆ ಕಹಿ ಎಂದು ತೋರಿಸುವ ಭೂಪಟದಂತಹ ಚಿತ್ರವನ್ನು ಹಳೆಯ ಪಠ್ಯಪುಸ್ತಕಗಳಲ್ಲಿ ಕಾಣಬಹುದು. ಅದು ತಪ್ಪು. ರುಚಿಮೊಗ್ಗುಗಳಿರುವ ಎಲ್ಲ ಭಾಗಗಳೂ ಎಲ್ಲ ರುಚಿಗಳನ್ನೂ ಅರಿಯಬಲ್ಲವು. ಮೂಗಿನ ಸಂಪತ್ತಾದರೋ ಇದಕ್ಕಿಂತ ಬಹು ದೊಡ್ಡದು. ವಾಸನೆಯ ಗ್ರಾಹಕಗಳನ್ನು ನಿರ್ಮಿಸುವ ಜೀನುಗಳ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಕಂಡುಹಿಡಿದರು. ಅದಕ್ಕಾಗಿ 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮನುಷ್ಯನಲ್ಲಿ ಕೆಲಸ ಮಾಡುವ ಇಂತಹ ಗ್ರಾಹಕಗಳ ಬಗೆಗಳು ಸುಮಾರು 400. ಸಪ್ತಸ್ವರಗಳಿಂದ ನೂರಾರು ರಾಗಗಳು ಹೊರಡುವಂತೆ, ಇವುಗಳ ಬೇರೆ ಬೇರೆ ಜೋಡಣೆಗಳಿಂದ ಎಣಿಸಲಾಗದಷ್ಟು ವಾಸನೆಗಳು ನಮಗೆ ಗೋಚರವಾಗುತ್ತವೆ.

ಮೂರನೆಯ ಒಂದು ಅನುಭವವೂ ಉಂಟು. ಮೆಣಸಿನಕಾಯಿಯ ಖಾರ ರುಚಿಯೂ ಅಲ್ಲ, ವಾಸನೆಯೂ ಅಲ್ಲ, ಅದು ಉರಿ. ಬಿಸಿಯನ್ನು ಅರಿಯುವ ನರಾಗ್ರಗಳನ್ನೇ ಮೆಣಸಿನಕಾಯಿಯ ಸತ್ತ್ವ ಕೆರಳಿಸುತ್ತದೆ. ಮದ್ಯಸಾರವೂ ಅದೇ ನರಾಗ್ರಗಳ ಮೇಲೆ ವರ್ತಿಸುತ್ತದೆ. ಸಾಮಾನ್ಯವಾಗಿ ಸುಮಾರು 42 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಎಚ್ಚರಗೊಳ್ಳುವ ಆ ಗ್ರಾಹಕ, ಮದ್ಯಸಾರ ಸೋಂಕಿದಾಗ ಸುಮಾರು 34 ಡಿಗ್ರಿಗೇ ಎಚ್ಚರಗೊಳ್ಳುತ್ತದೆ. ನಮ್ಮ ದೇಹದ ಸಹಜ ಶಾಖವೇ ಆಗ ಉರಿಯಾಗಿ ತೋರುತ್ತದೆ. ಮದ್ಯ ಗಂಟಲನ್ನು ಸುಡುತ್ತದೆ ಎನ್ನುವುದರ ಅರ್ಥ ಇದೇ. ಈ ಉರಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಕೆಲಸವಿದೆ.

ಬಟ್ಟಿಯಲ್ಲಿ ನಡೆಯುವುದೇನು?

ಸಕ್ಕರೆಯ ದ್ರಾವಣದಲ್ಲಿ ಯೀಸ್ಟ್ ಎಂಬ ಏಕಕೋಶ ಜೀವಿ ಬೆಳೆಯುವಾಗ ಸಕ್ಕರೆ ಒಡೆದು ಮದ್ಯಸಾರವೂ ಇಂಗಾಲದ ಡೈಆಕ್ಸೈಡೂ ಉಂಟಾಗುತ್ತವೆ. 180 ಗ್ರಾಂ ಗ್ಲೂಕೋಸಿನಿಂದ ಲೆಕ್ಕದ ಪ್ರಕಾರ 92 ಗ್ರಾಂ ಮದ್ಯಸಾರ, 88 ಗ್ರಾಂ ಅನಿಲ ದೊರೆಯಬೇಕು. ಆದರೆ ಯೀಸ್ಟ್ ಇಷ್ಟಕ್ಕೇ ನಿಲ್ಲುವುದಿಲ್ಲ. ಅತ್ಯಲ್ಪ ಪ್ರಮಾಣದಲ್ಲಿ ನೂರಾರು ಇತರ ಸಂಯುಕ್ತಗಳನ್ನೂ ತಯಾರಿಸುತ್ತದೆ. ಅವುಗಳಲ್ಲಿ ಎಸ್ಟರುಗಳೆಂಬ ವರ್ಗ ಮುಖ್ಯವಾದುದು. ಬಾಳೆಹಣ್ಣಿನ ಪರಿಮಳಕ್ಕೆ ಮುಖ್ಯ ಕಾರಣವಾದ ಐಸೋಅಮೈಲ್ ಅಸಿಟೇಟ್ ಯೀಸ್ಟಿನ ಕೈಯಲ್ಲಿಯೂ ಹುಟ್ಟುತ್ತದೆ. ಬಾಳೆಯ ಸಂಪರ್ಕವೇ ಇಲ್ಲದ ಮದ್ಯದಲ್ಲಿ ಬಾಳೆಹಣ್ಣಿನ ವಾಸನೆ ಬಂದಿತೆಂದು ಪರೀಕ್ಷಕನು ಬರೆದರೆ ಅದು ಕವಿಕಲ್ಪನೆಯಲ್ಲ, ರಸಾಯನಶಾಸ್ತ್ರ.

ಮದ್ಯಸಾರ ನೂರಕ್ಕೆ ಹದಿನೈದರ ಆಸುಪಾಸಿಗೆ ಏರಿದಾಗ ಸಾಮಾನ್ಯವಾಗಿ ಯೀಸ್ಟ್ ತನ್ನ ಸೃಷ್ಟಿಯಿಂದಲೇ ಸೋತುಹೋಗುತ್ತದೆ. ಅದಕ್ಕಿಂತ ತೀಕ್ಷ್ಣವಾದ ದ್ರವ ಬೇಕಾದರೆ ಬಟ್ಟಿ ಇಳಿಸಬೇಕು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಮದ್ಯಸಾರ 78.4 ಡಿಗ್ರಿಯಲ್ಲಿ. ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಭಾರ ಕಡಿಮೆಯಾದುದರಿಂದ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಮದ್ಯಸಾರದ ಕುದಿಬಿಂದುವೂ ಅದಕ್ಕನುಗುಣವಾಗಿ ಇಳಿಯುತ್ತದೆ. ಎರಡೂ ಸೇರಿದ ದ್ರವವನ್ನು ಕಾಯಿಸಿದಾಗ ಹೊರಡುವ ಆವಿಯಲ್ಲಿ ಮದ್ಯಸಾರದ ಪಾಲು ಹೆಚ್ಚು. ಆ ಆವಿಯನ್ನು ತಣಿಸಿ ಹಿಡಿದರೆ ತೀಕ್ಷ್ಣವಾದ ದ್ರವ ದೊರೆಯುತ್ತದೆ. ಎಷ್ಟು ಸಲ ಬಟ್ಟಿ ಇಳಿಸಿದರೂ ತೂಕದಲ್ಲಿ ನೂರಕ್ಕೆ 95.6ನ್ನು ಮೀರಲಾಗದು, ಆ ಪ್ರಮಾಣದಲ್ಲಿ ದ್ರವವೂ ಆವಿಯೂ ಒಂದೇ ಸಂಯೋಜನೆಯವಾಗುತ್ತವೆ.

ಬಟ್ಟಿ ಇಳಿಸುವ ವಿದ್ಯೆ ಮದ್ಯಕ್ಕೆ ಮಾತ್ರ ಮೀಸಲಲ್ಲ. ಮೊದಲನೆಯ ಮಹಾಯುದ್ಧದಿಂದ ಮೈಸೂರಿನ ಗಂಧದ ಮರಕ್ಕೆ ಜರ್ಮನಿಯ ಮಾರುಕಟ್ಟೆ ತಪ್ಪಿಹೋದಾಗ, ಮಲ್ಲೇಶ್ವರದಾಚೆಯ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನವಿಜ್ಞಾನಿಗಳು ಮರದಿಂದ ಎಣ್ಣೆಯನ್ನು ಬಟ್ಟಿ ಇಳಿಸುವ ಕ್ರಮವನ್ನು ರೂಪಿಸಿದರು. ಮೈಸೂರು ಗಂಧದ ಎಣ್ಣೆಯ ಉದ್ಯಮ ಆ ಕೆಲಸದ ಫಲ. ಪರಿಮಳವನ್ನು ಆವಿಯ ಮೇಲೆ ಏರಿಸಿ ತರುವುದು ಅಲ್ಲಿಯ ತತ್ತ್ವ. ಜಿನ್ ತಯಾರಿಸುವವನ ತತ್ತ್ವವೂ ಅದೇ. ಅವನು ಮದ್ಯಸಾರದೊಡನೆ ಜುನಿಪರ್ ಎಂಬ ಗಿಡದ ಕಾಯಿ, ಕೊತ್ತಂಬರಿ ಬೀಜ, ಕಿತ್ತಳೆಯ ಸಿಪ್ಪೆ ಮುಂತಾದುವನ್ನು ಸೇರಿಸಿ ಮತ್ತೆ ಬಟ್ಟಿ ಇಳಿಸುತ್ತಾನೆ. ಜುನಿಪರಿನ ಪೈನೀನ್, ಕೊತ್ತಂಬರಿಯ ಲಿನಲೂಲ್, ಕಿತ್ತಳೆಯ ಲಿಮೊನೀನ್ ಆವಿಯೊಡನೆ ಹೊರಬರುತ್ತವೆ. ಜುನಿಪರೊಂದನ್ನು ಬಿಟ್ಟರೆ ಅವನ ಸಾಮಗ್ರಿಗಳಲ್ಲಿ ಹಲವು ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿಯೂ ಗಾಂಧಿಬಜಾರಿನಲ್ಲಿಯೂ ದೊರೆಯತಕ್ಕವು.

ದೊಡ್ಡ ಕಾರ್ಖಾನೆಗಳ ಎತ್ತರವಾದ ಬಟ್ಟಿಕಂಬಗಳು ವಾಸನೆಯಿಲ್ಲದ ಶುದ್ಧ ಮದ್ಯಸಾರವನ್ನು ಕೊಡುತ್ತವೆ. ಕ್ರಾಫ್ಟ್ ತಯಾರಕರಲ್ಲಿ ಬಹುಮಂದಿ ತಾಮ್ರದ ಹಂಡೆಯನ್ನು ಇಷ್ಟಪಡುತ್ತಾರೆ. ಹಂಡೆಯಲ್ಲಿ ಬೇರ್ಪಡಿಕೆ ಪೂರ್ಣವಾಗುವುದಿಲ್ಲ. ಆ ಅಪೂರ್ಣತೆಯಿಂದಲೇ ಪರಿಮಳ ಉಳಿಯುತ್ತದೆ. ತಾಮ್ರವಾದರೋ ಗಂಧಕದ ಕೆಟ್ಟ ವಾಸನೆಯ ಸಂಯುಕ್ತಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಪೀಪಾಯಿಯೂ ಬೆಂಗಳೂರಿನ ಹವೆಯೂ

ವಿಸ್ಕಿಯ ವಿಷಯದಲ್ಲಿ ಬಟ್ಟಿಯ ಮುಂದೆ ಇನ್ನೊಂದು ಘಟ್ಟವಿದೆ. ಅದನ್ನು ಒಳಮೈ ಸುಟ್ಟ ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಮರದ ಲಿಗ್ನಿನ್ ಒಡೆದು ವೆನಿಲಾದ ಪರಿಮಳದ ವೆನಿಲಿನ್ ಆಗುತ್ತದೆ. ಓಕಿನ ಲ್ಯಾಕ್ಟೋನುಗಳು ಕೊಬ್ಬರಿಯ ವಾಸನೆಯನ್ನು ಕೊಡುತ್ತವೆ. ಸುಟ್ಟ ಮರದ ಸಕ್ಕರೆಗಳಿಂದ ಬಣ್ಣವೂ ಕಾಸಿದ ಸಕ್ಕರೆಯ ಛಾಯೆಯೂ ಬರುತ್ತವೆ.

ಮರದ ರಂಧ್ರಗಳ ಮೂಲಕ ದ್ರವದ ಒಂದಂಶ ಆವಿಯಾಗಿ ಹೊರಟುಹೋಗುತ್ತದೆ. ಸ್ಕಾಟ್ಲೆಂಡಿನವರು ಇದಕ್ಕೆ ದೇವತೆಗಳ ಪಾಲು ಎಂದು ಹೆಸರಿಟ್ಟಿದ್ದಾರೆ. ಅಲ್ಲಿಯ ಚಳಿಯಲ್ಲಿ ದೇವತೆಗಳು ಮಿತಾಹಾರಿಗಳು. ವರ್ಷಕ್ಕೆ ನೂರಕ್ಕೆ ಎರಡರಷ್ಟರಿಂದ ತೃಪ್ತರಾಗುತ್ತಾರೆ. ಬೆಂಗಳೂರಿನ ಸಂಗತಿ ಬೇರೆ. ಇಲ್ಲಿ 1948ರಲ್ಲಿ ಸ್ಥಾಪಿತವಾದ ಅಮೃತ್ ಡಿಸ್ಟಿಲರೀಸ್, ಮೈಸೂರು ರಸ್ತೆಯ ಕಂಬೀಪುರದಲ್ಲಿ ಮೊಳಕೆಯ ಬಾರ್ಲಿಯಿಂದ ವಿಸ್ಕಿಯನ್ನು ತಯಾರಿಸಿ, 2004ರಲ್ಲಿ ಅದನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಮೊದಲು ಬಿಡುಗಡೆ ಮಾಡಿತು. ಕೊಲ್ಲಿಗೆ ಉಪ್ಪು ಮಾರಲು ಹೋದಂತಹ ಈ ಸಾಹಸ ಫಲಿಸಿತು. ಆ ಉಗ್ರಾಣದಲ್ಲಿ ವರ್ಷಕ್ಕೆ ಆವಿಯಾಗುವುದು ನೂರಕ್ಕೆ ಹತ್ತರಿಂದ ಹನ್ನೆರಡು.

ಗಣಿತದ ವಿದ್ಯಾರ್ಥಿಗಳು ಇದನ್ನು ಚಕ್ರಬಡ್ಡಿಯ ಸೂತ್ರದಿಂದ ಲೆಕ್ಕ ಹಾಕಬಹುದು. 100 ಲೀಟರುಗಳಿಂದ ಹೊರಟರೆ, ವರ್ಷಕ್ಕೆ ನೂರಕ್ಕೆ 2ರಂತೆ ನಷ್ಟವಾದಲ್ಲಿ 12 ವರ್ಷಗಳ ಮೇಲೆ ಸುಮಾರು 78 ಲೀಟರು ಉಳಿಯುತ್ತದೆ. ನೂರಕ್ಕೆ 10ರಂತಾದಲ್ಲಿ ಸುಮಾರು 28 ಮಾತ್ರ. ಆದರೆ ನಷ್ಟಕ್ಕೆ ಪ್ರತಿಫಲವೂ ಉಂಟು. ಶಾಖ ಹೆಚ್ಚಿದಷ್ಟೂ ಮರದ ಸತ್ತ್ವ ಬೇಗನೆ ಇಳಿಯುವುದರಿಂದ, ಇಲ್ಲಿ ನಾಲ್ಕೈದು ವರ್ಷಗಳಲ್ಲಿಯೇ ವಿಸ್ಕಿ ಪಕ್ವವಾಗುತ್ತದೆ. ಆದುದರಿಂದ ಶೀಷೆಯ ಮೇಲಿನ ವಯಸ್ಸನ್ನು ಮಾತ್ರ ನೋಡಿ ಎರಡು ದೇಶಗಳ ವಿಸ್ಕಿಗಳನ್ನು ಹೋಲಿಸುವುದು ಸರಿಯಲ್ಲ. ಕಾಲಮಾನದ ಅರ್ಥ ಹವೆಯನ್ನು ಅವಲಂಬಿಸಿದೆ.

ಪರೀಕ್ಷಕನ ಕ್ರಮ

ರುಚಿಯ ಪರೀಕ್ಷೆಯನ್ನು ವೃತ್ತಿಯಾಗಿ ಉಳ್ಳವರು ಕುಡಿಯುವುದು ಬಹಳ ಕಡಿಮೆ. ಅವರ ಮುಖ್ಯ ಸಾಧನ ಮೂಗು. ಬಾಯಿಗೆ ತೆಗೆದುಕೊಂಡುದನ್ನೂ ಉಗುಳುತ್ತಾರೆ. ಕಾಫಿಯ ರುಚಿ ಪರೀಕ್ಷಿಸುವವರ ಪದ್ಧತಿಯೂ ಇದೇ. ಅವರ ಕ್ರಮದಲ್ಲಿರುವ ಪ್ರತಿಯೊಂದು ಅಂಗಕ್ಕೂ ಕಾರಣವಿದೆ.

ಮೊದಲನೆಯದು ಪಾತ್ರೆ. ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ಆವಿ ಚೆದರದೆ ನಿಲ್ಲುತ್ತದೆ. ಎರಡನೆಯದು ಬಿಡುವು. ಗಾಂಧಿಬಜಾರಿನ ಹೂವಾಡಿಗರ ಮುಂದೆ ನಾವು ನಿಂತರೆ ಮಲ್ಲಿಗೆಯ ಕಂಪು ಮುತ್ತುತ್ತದೆ. ಬೆಳಗಿನಿಂದ ಅಲ್ಲಿಯೇ ಕುಳಿತವರಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ. ಎಡೆಬಿಡದ ವಾಸನೆಗೆ ಮೂಗು ಬೇಗನೆ ಒಗ್ಗಿ ಸುಮ್ಮನಾಗುತ್ತದೆ. ಆದುದರಿಂದ ಸ್ವಲ್ಪ ಮೂಸಿ, ಪಾತ್ರೆಯನ್ನು ದೂರವಿಟ್ಟು, ಮತ್ತೆ ಮೂಸಬೇಕು.

ಮೂರನೆಯದು ನೀರು. ನಮ್ಮ ದೇಶದ ಬಹಳ ಮದ್ಯಗಳ ಶೀಷೆಯ ಮೇಲೆ ಗಾತ್ರದಲ್ಲಿ ನೂರಕ್ಕೆ 42.8 ಎಂಬ ಸಂಖ್ಯೆ ಇರುತ್ತದೆ. ಅದು ಹಳೆಯ ಬ್ರಿಟಿಷ್ ಮಾನದ 75 ಡಿಗ್ರಿ ಪ್ರೂಫ್. ಈ ತೀಕ್ಷ್ಣತೆಯಲ್ಲಿ ಉರಿ ಪರಿಮಳವನ್ನು ಮುಚ್ಚಿಬಿಡುತ್ತದೆ. ಪರೀಕ್ಷಕರು ನೀರು ಬೆರೆಸಿ ಸುಮಾರು ನೂರಕ್ಕೆ 20ಕ್ಕೆ ಇಳಿಸುವ ಪದ್ಧತಿ ಉಂಟು. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ 2017ರಲ್ಲಿ ಗಣಕಯಂತ್ರದ ಮೂಲಕ ಅಣುಗಳ ಚಲನೆಯನ್ನು ಅನುಕರಿಸಿ ಇದಕ್ಕೊಂದು ವಿವರಣೆ ಕೊಟ್ಟರು. ವಿಸ್ಕಿಯ ಹೊಗೆವಾಸನೆಗೆ ಕಾರಣವಾದ ಗ್ವಾಯಕಾಲ್ ಎಂಬ ಅಣು, ಮದ್ಯಸಾರ ನೂರಕ್ಕೆ 45ಕ್ಕಿಂತ ಕಡಿಮೆ ಇರುವಾಗ ದ್ರವದ ಮೇಲ್ಮೈಗೆ ಬಂದು ನಿಲ್ಲುತ್ತದೆ. 59ನ್ನು ಮೀರಿದಾಗ ಮದ್ಯಸಾರದ ಅಣುಗಳ ನಡುವೆ ಸುತ್ತುವರಿಯಲ್ಪಟ್ಟು ಒಳಗೆ ಉಳಿಯುತ್ತದೆ. ಮೇಲ್ಮೈಯಲ್ಲಿರುವುದೇ ಮೂಗಿಗೆ ಸುಲಭವಾಗಿ ದೊರೆಯತಕ್ಕದ್ದು.

ನೀರೂ ಮದ್ಯಸಾರವೂ ಬೆರೆಯುವುದು ಬರಿಯ ಕೂಡಿಕೆಯಲ್ಲ ಎಂಬುದಕ್ಕೆ ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಸಾಕ್ಷಿ ದೊರೆಯುತ್ತದೆ. 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಶುದ್ಧ ಮದ್ಯಸಾರವನ್ನು ಸೇರಿಸಿದರೆ 100 ಆಗುವುದಿಲ್ಲ. ಸುಮಾರು 96 ಅಥವಾ 97 ಮಾತ್ರ ಆಗುತ್ತದೆ, ಪಾತ್ರೆಯೂ ಬೆಚ್ಚಗಾಗುತ್ತದೆ. ಮೂಲವಸ್ತುಗಳ ಆವರ್ತ ಕೋಷ್ಟಕದಿಂದ ಪ್ರಸಿದ್ಧನಾದ ಮೆಂಡಲೀಫನು 1865ರಲ್ಲಿ ಡಾಕ್ಟರ್ ಪದವಿಗೆ ಒಪ್ಪಿಸಿದ ಪ್ರಬಂಧದ ವಿಷಯ ಈ ಸಂಯೋಗವೇ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಕಣ್ಣನ್ನು ನಂಬದಿರುವುದು. ಶೀಷೆಯ ಅಂದ, ಬೆಲೆ, ಹೆಸರು ಇವು ತಿಳಿದಿದ್ದರೆ ಮನಸ್ಸು ರುಚಿಯನ್ನು ಮೊದಲೇ ನಿರ್ಧರಿಸಿಬಿಡುತ್ತದೆ. ಇದಕ್ಕೆ ಮೂರು ಲೋಟಗಳ ಪರೀಕ್ಷೆ ಒಳ್ಳೆಯ ಉಪಾಯ. ಒಂದು ಲೀಟರು ನೀರು, 150 ಗ್ರಾಂ ಬೆಲ್ಲ, ಎರಡು ನಿಂಬೆಯ ಹಣ್ಣುಗಳ ರಸ, ಅರ್ಧ ಚಮಚ ಒಣಶುಂಠಿಯ ಪುಡಿ, ಇವುಗಳಿಂದ ಪಾನಕ ಮಾಡಿ ಎರಡು ಭಾಗ ಮಾಡಿರಿ. ಒಂದಕ್ಕೆ ಎರಡು ಏಲಕ್ಕಿ, ಇನ್ನೊಂದಕ್ಕೆ ಮೂರು ಏಲಕ್ಕಿ ಕುಟ್ಟಿ ಹಾಕಿರಿ. ಎರಡು ಲೋಟಗಳಲ್ಲಿ ಒಂದು ಪಾನಕ, ಮೂರನೆಯದರಲ್ಲಿ ಇನ್ನೊಂದು. ಯಾವುದು ಯಾವುದೆಂದು ತಿಳಿಯದ ಸ್ನೇಹಿತನು ಬೇರೆಯಾದುದನ್ನು ಗುರುತಿಸಲಿ. ಸುಮ್ಮನೆ ಊಹಿಸಿದರೂ ಮೂರರಲ್ಲೊಂದು ಸಲ ಸರಿಯಾದೀತು. ಆದರೆ ಊಹೆಯಿಂದ ಐದು ಸಲವೂ ಸರಿಯಾಗುವ ಸಂಭವ 243ರಲ್ಲಿ ಒಂದು. ಅಷ್ಟು ಸಲ ಗೆದ್ದವನ ಮೂಗನ್ನು ಒಪ್ಪಿಕೊಳ್ಳಬಹುದು. ಅಭ್ಯಾಸದಿಂದ ಈ ಶಕ್ತಿ ಬೆಳೆಯುತ್ತದೆ. ಸಿಕ್ಕಿದ ವಾಸನೆಗೆ ಒಂದು ಹೆಸರನ್ನು ಕೊಟ್ಟು ಪುಸ್ತಕದಲ್ಲಿ ಬರೆದಿಡುವುದು ಈ ಅಭ್ಯಾಸದ ಮೊದಲ ಮೆಟ್ಟಿಲು.

ಮಿಶ್ರಣದ ಲೆಕ್ಕ

ಪರಿಮಳಗಳನ್ನು ಬೆರೆಸುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ ಸುಗಂಧದ್ರವ್ಯಗಳ ತಯಾರಿಕೆಗೂ ಪಾಕಕ್ಕೂ ಸ್ಥಾನವಿದೆ. ಹದಿನೇಳನೆಯ ಶತಮಾನದಲ್ಲಿ ಇಂಡಿಯಕ್ಕೆ ಬಂದ ಇಂಗ್ಲಿಷರು ಮದ್ಯ, ಸಕ್ಕರೆ, ನಿಂಬೆರಸ, ನೀರು, ಸಾಂಬಾರ ಇವುಗಳ ಬೆರಕೆಯನ್ನು ಪಂಚ್ ಎಂದು ಕರೆದರು. ಐದು ವಸ್ತುಗಳಿರುವುದರಿಂದ ಪಂಚ ಎಂಬ ನಮ್ಮ ಮಾತಿನಿಂದಲೇ ಆ ಹೆಸರು ಬಂದಿತೆಂಬುದು ಬಹುಮಂದಿಯ ಅಭಿಪ್ರಾಯ. ಮದ್ಯವನ್ನು ತೆಗೆದರೆ ಉಳಿಯುವುದು ಪಾನಕದ ಅಸ್ಥಿಪಂಜರವೇ. ಕಾಕ್‌ಟೇಲ್ ಎಂದರೆ ಮದ್ಯ, ಸಕ್ಕರೆ, ನೀರು, ಕಹಿಸತ್ತ್ವ ಇವುಗಳ ಮಿಶ್ರಣವೆಂಬ ಅರ್ಥವಿವರಣೆ 1806ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು.

ಬೆರೆಸುವುದರಲ್ಲಿ ಮೂರು ನಿಯಮಗಳನ್ನು ಗಮನಿಸಬೇಕು. ಒಂದು ರುಚಿ ಇನ್ನೊಂದನ್ನು ತಗ್ಗಿಸುತ್ತದೆ. ನಿಂಬೆಯ ಪಾನಕಕ್ಕೆ ಬೆಲ್ಲ ಸೇರಿಸಿದಾಗ ಆಮ್ಲ ಅಷ್ಟೇ ಉಳಿದಿದ್ದರೂ ಹುಳಿ ಕಡಿಮೆಯಾದಂತೆ ತೋರುತ್ತದೆ. ಚಿಟಿಕೆ ಉಪ್ಪು ಕಹಿಯನ್ನು ಅಡಗಿಸುತ್ತದೆ. ಎರಡನೆಯದಾಗಿ, ತಣ್ಣಗಾದಂತೆ ಸಿಹಿ ಮಂಕಾಗುತ್ತದೆ. ಆದುದರಿಂದ ತಣ್ಣಗೆ ಕೊಡಬೇಕಾದ ಪಾನಕದ ಹದವನ್ನು ತಣ್ಣಗಿರುವಾಗಲೇ ನೋಡಬೇಕು. ಮೂರನೆಯದು ದ್ರಾವಕದ ಗುಣ. ಮದ್ಯಸಾರದ ಅಣುವಿನ ಒಂದು ತುದಿಗೆ ನೀರಿನ ಸ್ನೇಹ, ಇನ್ನೊಂದಕ್ಕೆ ಎಣ್ಣೆಯ ಸ್ನೇಹ. ನೀರಿನಲ್ಲಿ ಕರಗದ ಏಲಕ್ಕಿಯ ಎಣ್ಣೆ, ಮೆಣಸಿನ ಪೈಪರೀನ್ ಅದರಲ್ಲಿ ಸುಲಭವಾಗಿ ಕರಗುತ್ತವೆ. ಸೋಂಪಿನ ಎಣ್ಣೆ ಕರಗಿರುವ ಮದ್ಯಕ್ಕೆ ನೀರು ಹೊಯ್ದರೆ ಆ ಸ್ನೇಹ ಮುರಿದು, ಎಣ್ಣೆ ಸೂಕ್ಷ್ಮ ಹನಿಗಳಾಗಿ ಬೇರೆಯಾಗಿ, ದ್ರವ ಹಾಲಿನಂತಾಗುತ್ತದೆ.

ಈಗ ಒಂದು ಮಿಶ್ರಣದ ಲೆಕ್ಕವನ್ನು ಪೂರ್ತಿಯಾಗಿ ಹಾಕೋಣ. ಎರಡು ಪಾಲು ಮದ್ಯ, ಒಂದು ಪಾಲು ನಿಂಬೆರಸ, ಒಂದು ಪಾಲು ಸಕ್ಕರೆಯ ಪಾಕ ಎಂಬುದು ಪ್ರಚಾರದಲ್ಲಿರುವ ಒಂದು ಸೂತ್ರ. 60, 30, 30 ಮಿಲಿಲೀಟರುಗಳಂತೆ ಒಟ್ಟು 120. ಇದನ್ನು ಮಂಜುಗಡ್ಡೆಯೊಡನೆ ಕುಲುಕಿ 28 ಡಿಗ್ರಿಯಿಂದ 0 ಡಿಗ್ರಿಗೆ ತಣಿಸಬೇಕು. ದ್ರವವನ್ನು ನೀರಿನಂತೆಯೇ ಭಾವಿಸಿದರೆ, ತೆಗೆಯಬೇಕಾದ ಶಾಖ 120ನ್ನು 28ರಿಂದ ಗುಣಿಸಿದಷ್ಟು, ಎಂದರೆ 3360 ಕ್ಯಾಲೊರಿ. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಬೇಕು. ಹೀಗಾಗಿ 42 ಗ್ರಾಂ ಮಂಜು ಕರಗಿ ನೀರಾಗಿ ಪಾನೀಯದಲ್ಲಿ ಸೇರಲೇಬೇಕು. ಕರಗುವ ಮಂಜಿನಿಂದ ತಣಿಸುವವನು ನೀರು ಬೆರೆಸದೆ ತಣಿಸಲಾರ.

60 ಮಿಲಿಲೀಟರ್ ಮದ್ಯದಲ್ಲಿ ಸುಮಾರು 25.7 ಮಿಲಿಲೀಟರ್ ಮದ್ಯಸಾರವಿದೆ. ಮಿಶ್ರಣದಲ್ಲಿ ಅದು ಮೊದಲು ನೂರಕ್ಕೆ 21ರಷ್ಟಿದ್ದು, ಮಂಜು ಕರಗಿದ ಮೇಲೆ 16ಕ್ಕೆ ಇಳಿಯುತ್ತದೆ. ಉರಿ ಬಹುಮಟ್ಟಿಗೆ ಹೋಗುತ್ತದೆ. ಸಿಹಿಯೂ ಹುಳಿಯೂ ತಂಪೂ ಉಳಿದುದನ್ನು ಮುಚ್ಚುತ್ತವೆ. ಆದರೆ ಇಳಿದುದು ತೀಕ್ಷ್ಣತೆ, ಮೊತ್ತವಲ್ಲ. ಆ ಲೋಟದಲ್ಲಿ ಈಗಲೂ ಸುಮಾರು 20 ಗ್ರಾಂ ಮದ್ಯಸಾರ ಇದ್ದೇ ಇದೆ. 60 ಕಿಲೋಗ್ರಾಂ ತೂಕದ ಮನುಷ್ಯನ ರಕ್ತದಲ್ಲಿ ಅದು ಲೆಕ್ಕದ ಮೇಲೆ 100 ಮಿಲಿಲೀಟರಿಗೆ 40ರಿಂದ 50 ಮಿಲಿಗ್ರಾಂ ಆಗಬಲ್ಲುದು. ವಾಹನ ನಡೆಸುವವನಿಗೆ ನಮ್ಮ ಕಾನೂನು ವಿಧಿಸಿರುವ ಮಿತಿ 30. ಒಂದೇ ಲೋಟದಿಂದ, ಬಾಯಿಗೆ ಪಾನಕದಂತೆ ತೋರಿದ ಒಂದೇ ಲೋಟದಿಂದ, ಅವನು ಮಿತಿಯನ್ನು ದಾಟಬಹುದು. ಮದ್ಯಸಾರದ ಉರಿ ದೇಹದ ಎಚ್ಚರಿಕೆಯ ಗಂಟೆ; ಬೆರಸುವ ಕೌಶಲ ಹೆಚ್ಚಿದಷ್ಟೂ ಆ ಗಂಟೆಯ ದನಿ ಅಡಗುತ್ತದೆ. ಮದ್ಯಸಾರ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿದುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಸಾರಿತು. ಆರೋಗ್ಯಕ್ಕೆ ಹಾನಿಯಿಲ್ಲದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಇವೂ ನಾಲಗೆಗೆ ತಿಳಿಯತಕ್ಕ ಸಂಗತಿಗಳಲ್ಲ.

ಮೂಗು ಅರಿಯದುದು

ಇಲ್ಲಿಯವರೆಗೆ ಮೂಗಿನ ಹಿರಿಮೆಯನ್ನು ಕಂಡೆವು. ಅದರ ಸೋಲನ್ನೂ ಈಗ ಕಾಣಬೇಕು.

ಮದ್ಯಸಾರಗಳ ಕುಟುಂಬದಲ್ಲಿ ಎಥನಾಲ್ ಮದ್ಯಗಳಲ್ಲಿರುವುದು. ಅದರ ಅಣ್ಣನಂತಿರುವ ಮೆಥನಾಲ್ ಬಣ್ಣ, ಅಂಟು ಮುಂತಾದುವನ್ನು ತಯಾರಿಸುವ ಉದ್ಯಮಗಳಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡಕ್ಕೂ ನೀರಿನಂತಹ ರೂಪ. ಎರಡರ ವಾಸನೆಯೂ ಬಹಳ ಸಮೀಪ. ಇದರಲ್ಲಿ ಅದು ಬೆರೆತರೆ ಮೂಗಾಗಲಿ ನಾಲಗೆಯಾಗಲಿ ನಂಬತಕ್ಕ ತೀರ್ಪು ಕೊಡಲಾರವು. ಬೆಂಕಿ ಹಚ್ಚಿ ಜ್ವಾಲೆಯ ಬಣ್ಣ ನೋಡಿದರೆ ತಿಳಿಯುವುದೆಂಬ ನಂಬಿಕೆಯೂ ಹುಸಿ. ಆದರೆ ದೇಹದೊಳಗೆ ಇವೆರಡರ ದಾರಿ ಬೇರೆ. ಯಕೃತ್ತಿನ ಕಿಣ್ವಗಳು ಮೆಥನಾಲನ್ನು ಮೊದಲು ಫಾರ್ಮಾಲ್ಡಿಹೈಡಾಗಿ, ಆಮೇಲೆ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಕಣ್ಣಿನ ನರವನ್ನು ಕೆಡಿಸಿ ರಕ್ತವನ್ನು ಆಮ್ಲೀಯವಾಗಿ ಮಾಡುತ್ತದೆ. 10 ಮಿಲಿಲೀಟರಿನಷ್ಟು ಮೆಥನಾಲ್ ಕುರುಡನ್ನು ತರಬಲ್ಲುದು. 30 ಮಿಲಿಲೀಟರ್ ಪ್ರಾಣವನ್ನೇ ತೆಗೆಯಬಲ್ಲುದು.

1981ರ ಜುಲೈ ತಿಂಗಳಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಮೆಥನಾಲ್ ಬೆರೆತ ಮದ್ಯವನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟ ನಿಷಿದ್ಧವಾಯಿತು. ಮರುವರ್ಷದ ಮೇ ತಿಂಗಳಿನಲ್ಲಿ ಬೆಂಗಳೂರು, ಕೋಲಾರ ಮತ್ತು ನೆರೆಯ ತಮಿಳುನಾಡಿನ ಕೃಷ್ಣಗಿರಿ ಭಾಗಗಳಲ್ಲಿ ಕಳ್ಳಮದ್ಯಕ್ಕೆ ಮತ್ತೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಇವರಲ್ಲಿ ಬಹುಮಂದಿ ದಿನಗೂಲಿಯ ಬಡವರು. ಅವರು ಮೈಮರೆತುದರಿಂದ ವಿಷವನ್ನು ಗುರುತಿಸಲಿಲ್ಲವೆಂದು ತಿಳಿಯಬಾರದು. ಜಗತ್ತಿನ ಅತ್ಯಂತ ನುರಿತ ಪರೀಕ್ಷಕನು ಆ ಲೋಟವನ್ನು ಮೂಸಿದ್ದರೂ ಇದು ಸುರಕ್ಷಿತವೆಂದು ಖಚಿತವಾಗಿ ಹೇಳಲು ಶಕ್ತನಾಗುತ್ತಿರಲಿಲ್ಲ.

ಮನೆಯಲ್ಲಿಯೇ ಬಟ್ಟಿ ಇಳಿಸುವೆವೆನ್ನುವ ಉತ್ಸಾಹಿಗಳು, ಮೆಥನಾಲ್ 64.7 ಡಿಗ್ರಿಯಲ್ಲಿ ಕುದಿಯುವುದರಿಂದ ಮೊದಲ ಹನಿಗಳನ್ನು ಚೆಲ್ಲಿದರೆ ಸಾಕೆಂದು ವಾದಿಸುವುದುಂಟು. ನೀರೂ ಎಥನಾಲೂ ಇರುವ ದ್ರವದಲ್ಲಿ ಬೇರ್ಪಡಿಕೆ ಅಷ್ಟು ಸರಳವಲ್ಲ; ಮೆಥನಾಲಿನ ಅಂಶ ಮುಂದಿನ ಭಾಗಗಳಲ್ಲಿಯೂ ಉಳಿಯುತ್ತದೆ. ಜೊತೆಗೆ ಮದ್ಯಸಾರದ ಆವಿ ಒಲೆಯ ಬಳಿ ಸ್ಫೋಟಕ್ಕೆ ಕಾರಣವಾಗಬಹುದು. ಪರವಾನಗಿಯಿಲ್ಲದೆ ಬಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಅಧಿನಿಯಮದಂತೆ ಅಪರಾಧ. ಈ ಕಾನೂನನ್ನು ಬರಿಯ ತೆರಿಗೆಯ ದೃಷ್ಟಿಯಿಂದ ನೋಡುವವರು, ಅದರ ಹಿಂದಿರುವ ರಸಾಯನಶಾಸ್ತ್ರವನ್ನೂ ನೋಡಬೇಕು. ಪ್ರಯೋಗಶಾಲೆಯಲ್ಲಿ ಗ್ಯಾಸ್ ಕ್ರೊಮೆಟೋಗ್ರಾಫ್ ಎಂಬ ಯಂತ್ರ ದ್ರವದ ಅಂಶಗಳನ್ನು ಒಂದೊಂದಾಗಿ ಬಿಡಿಸಿ ಅಳೆಯುತ್ತದೆ. ಮೂಗು ಅರಿಯದುದನ್ನು ಅದು ಅರಿಯುತ್ತದೆ. ಮೊಹರಿನ ಶೀಷೆಯ ಹಿಂದೆ ಇರಬೇಕಾದುದು ಇಂತಹ ಪರೀಕ್ಷೆಯೇ.

ಮೆಥನಾಲಿನ ವಿಷ ಒಡನೆ ತೋರುವುದಿಲ್ಲ. ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳ ಅನಂತರವೂ ಕಾಣಿಸಿಕೊಳ್ಳಬಹುದು. ಕಣ್ಣು ಮಂಜಾಗುವುದು, ವಾಂತಿ, ಹೊಟ್ಟೆನೋವು, ಏದುಸಿರು ಇವು ಲಕ್ಷಣಗಳು. ಇಂತಹವನನ್ನು ಅಮಲಿಳಿಯಲೆಂದು ಮಲಗಿಸದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಕಿಣ್ವವನ್ನು ತಡೆಯುವ ಔಷಧಿಯೂ ರಕ್ತವನ್ನು ಶುದ್ಧಿಮಾಡುವ ಡಯಾಲಿಸಿಸ್ ಕ್ರಮವೂ ಅಲ್ಲಿ ಉಂಟು. ಬೇಗನೆ ತಲಪಿದವರು ಉಳಿದುಕೊಳ್ಳುವ ಸಂಭವ ಹೆಚ್ಚು.

ಇಂದ್ರಿಯಗಳು ನಮಗೆ ಹುಟ್ಟಿನಿಂದ ಬಂದ ಉಪಕರಣಗಳು. ಉಪಕರಣವನ್ನು ಸರಿಯಾಗಿ ಬಳಸುವವನು ಅದು ಏನನ್ನು ಅಳೆಯುತ್ತದೆ ಎಂಬುದನ್ನು ಮಾತ್ರವಲ್ಲದೆ, ಏನನ್ನು ಅಳೆಯಲಾರದು ಎಂಬುದನ್ನೂ ತಿಳಿದಿರುತ್ತಾನೆ. ಎರಡು ಏಲಕ್ಕಿಗೂ ಮೂರು ಏಲಕ್ಕಿಗೂ ಇರುವ ವ್ಯತ್ಯಾಸವನ್ನು ಮೂಗಿಗೇ ಬಿಡೋಣ. ಗುರುತಿಲ್ಲದ ಶೀಷೆಯ ವಿಷಯದಲ್ಲಿ ಅದರ ಮಾತನ್ನು ಕೇಳದಿರೋಣ.

ಅಭ್ಯಾಸಕ್ಕೆ

1. 200 ಮಿಲಿಲೀಟರ್ ಪಾನಕವನ್ನು 28 ಡಿಗ್ರಿಯಿಂದ 8 ಡಿಗ್ರಿಗೆ ತಣಿಸಲು ಎಷ್ಟು ಗ್ರಾಂ ಮಂಜುಗಡ್ಡೆ ಕರಗಬೇಕು? ಕರಗಿದ ನೀರೂ 8 ಡಿಗ್ರಿಗೆ ಏರಬೇಕೆಂಬುದನ್ನು ಮರೆಯಬೇಡಿರಿ.

2. ವರ್ಷಕ್ಕೆ ನೂರಕ್ಕೆ 10ರಂತೆ ಆವಿಯಾದರೆ, ಪೀಪಾಯಿಯ ದ್ರವ ಅರ್ಧಕ್ಕೆ ಇಳಿಯಲು ಎಷ್ಟು ವರ್ಷ ಹಿಡಿಯುತ್ತದೆ?

3. ನೆಗಡಿಯಾದಾಗ ಊಟ ರುಚಿಸದಿರುವುದಕ್ಕೆ ಕಾರಣವೇನು? ಆಗಲೂ ಉಪ್ಪಿನಕಾಯಿಯ ಉಪ್ಪು, ಹುಳಿ, ಖಾರಗಳು ತಿಳಿಯುವುದೇಕೆ?